ಶೋಲವರಂನ ಫೆಬ್ರವರಿಗಳು

ಮದ್ರಾಸಿನಿಂದ ಕಲ್ಕತ್ತಾ ರಸ್ತೆ ಹಿಡಿದು ರೆಡ್ ಹಿಲ್ಸ್ ದಾಟಿದರೆ ಶೋಲವರಂ. ಆ ಊರಿನವರಿಗೆ ಅದು ಕುಡಿಯುವ ನೀರಿನ ಕೆರೆ. ಬೆಂಗಳೂರು, ಮೈಸೂರಿನ ನಮ್ಮಂಥ ಬೈಕ್ ಹುಚ್ಚರಿಗೆ ಶೋಲವರಂ ಎಂದರೆ ರೇಸು, ಅಷ್ಟೇ. ಫೆಬ್ರವರಿ ಬಂತೆಂದರೆ ಯಾರ ಮನೆಯಲ್ಲಿ ಯಾವ ಸುಳ್ಳು ಹೇಳಿ ರಾತ್ರಿಯ ಮದ್ರಾಸ್ ಮೇಲ್ ಹತ್ತುವುದು ಎಂಬ ಲೆಕ್ಕಾಚಾರ ಶುರುವಾಗುತ್ತಿತ್ತು.

ರೇಸು ನಡೆಯುತ್ತಿದ್ದ ಜಾಗ ಎರಡನೇ ಮಹಾಯುದ್ಧದ ಕಾಲದ ವಿಮಾನದ ಮೈದಾನ. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ವಿಶಾಖಪಟ್ಟಣಗಳ ಮೇಲೆ ಬಾಂಬು ಹಾಕಿದಾಗ ಮದ್ರಾಸಿನ ಜನ ಗಂಟುಮೂಟೆ ಕಟ್ಟಿದ್ದರು. ಪಕ್ಕದ ರೆಡ್ ಹಿಲ್ಸ್ ಕೆರೆಯ ನೀರಿನ ಮೇಲೆಯೇ ಬ್ರಿಟಿಷರ ಕ್ಯಾಟಲೀನಾ ವಿಮಾನಗಳು ಇಳಿಯುತ್ತಿದ್ದವಂತೆ. ಯುದ್ಧ ಮುಗಿಯಿತು, ರನ್‌ವೇ ಉಳಿಯಿತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅದನ್ನೇ ರೇಸಿನ ಟ್ರ್ಯಾಕ್ ಮಾಡಿಕೊಂಡಿತು.

ಟ್ರ್ಯಾಕ್ ಅಂದೆನಲ್ಲ, ಈಗಿನವರು ನೋಡಿದರೆ ನಗುತ್ತಾರೆ. ವಿಮಾನ ಏರಲೆಂದು ನೇರ ಎಳೆದ ದಾರಿ. ತಿರುವು ಬೇಕೆಂದರೆ ಹುಲ್ಲಿನ ಪಿಂಡಿ ಒಟ್ಟಿ ಗುರುತು ಮಾಡಬೇಕು. ನೇರದಲ್ಲಿ ಎಂಜಿನ್ನಿನ ಪೂರ್ತಿ ದಮ್ಮು ಎಳೆದು, ಕೊನೆಯಲ್ಲಿ ಬ್ರೇಕಿನ ಮೇಲೆ ಪ್ರಾಣ ಇಡಬೇಕು. ಎಲ್ಲರ ಕಣ್ಣೂ ಆ ಬ್ರೇಕ್ ಹಿಡಿಯುವ ಜಾಗದ ಮೇಲೇ.

ನಮ್ಮ ಗೆಳೆಯನೊಬ್ಬ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದ. ಅವನ ದೆಸೆಯಿಂದ ಪಿಟ್ಟಿನ ಒಳಗೇ ನುಸುಳುತ್ತಿದ್ದೆವು. ಅಲ್ಲಿ ಮೊದಲು ಬಡಿಯುತ್ತಿದ್ದುದು ವಾಸನೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜತೆ ಬೆರೆಸಿದ ಹರಳೆಣ್ಣೆ ಸುಟ್ಟು, ಇಡೀ ಮೈದಾನವೇ ದೀಪಾವಳಿಯ ಎಣ್ಣೆಸ್ನಾನದ ಬಚ್ಚಲುಮನೆಯಂತೆ ಘಮ್ಮೆನ್ನುತ್ತಿತ್ತು. ಒಂದು ಸುತ್ತು ಮುಗಿಸಿ ಬಂದ ಯೆಜ್ದಿ ಬೈಕಿನ ಪ್ಲಗ್ಗನ್ನು ಮೆಕ್ಯಾನಿಕ್ ಬಟ್ಟೆಯಲ್ಲಿ ಹಿಡಿದು ಬಿಚ್ಚಿ, ಬಿಸಿಲಿಗೆ ಎತ್ತಿ ನೋಡುತ್ತಿದ್ದ. ತುದಿ ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದು, ಮಸಿ ಹಿಡಿದಿದ್ದರೆ ಹೆಚ್ಚಾಯಿತು, ಕಂದು ಬಣ್ಣ ಬಂದಿದ್ದರೆ ಮಾತಿಲ್ಲದೆ ತಿರುಗಿ ಹಾಕುವುದು. ಅವನ ಮುಖ ನೋಡಿಯೇ ನಾವು ಪಂದ್ಯ ಕಟ್ಟುತ್ತಿದ್ದೆವು. ಕಾರ್ಬುರೇಟರಿನ ಜೆಟ್ಟು ಬದಲಿಸುವುದನ್ನು ನಾನು ಕಲಿತದ್ದು ಅಲ್ಲೇ, ಯಾರೂ ಕಲಿಸದೆ, ಬಗ್ಗಿ ನೋಡಿ ನೋಡಿ.

ಕಾರುಗಳದ್ದು ಇನ್ನೊಂದು ಲೋಕ. ಹೊರದೇಶದ ಕಾರು ತರಿಸುವುದು ಕನಸಿನ ಮಾತಾಗಿದ್ದ ಕಾಲ. ಹಾಗಾಗಿ ಫಿಯಟ್ಟು, ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡು ಬಿಚ್ಚಿ ಜೋಡಿಸಿದ ‘ಸ್ಪೆಷಲ್’ಗಳೇ ಹೆಚ್ಚು. ಎಂಬತ್ತರ ದಶಕದ ಶುರುವಿನಲ್ಲಿ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನೇ ಇಲ್ಲಿ ಇಳಿಸಿ ಓಡಿಸಿದರು. ಅದರ ಸದ್ದಿಗೆ ಬಾಯಿಬಿಟ್ಟದ್ದು ನಿಜ. ಆದರೆ ನನ್ನ ಮೆಚ್ಚುಗೆ ಕೊಯಮತ್ತೂರಿನ ಕರಿವರ್ಧನ್ ಅವರಿಗೆ. ನಮ್ಮಲ್ಲೇ ಸಿಗುವ ಮಾರುತಿ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಾರು ಕಟ್ಟಿ, ಮುಂದಿನ ಹುಡುಗರಿಗೆ ದಾರಿ ಮಾಡಿದವರು ಅವರು.

1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿ ಕ್ಲಬ್ಬಿನ ಸ್ವಂತ ಟ್ರ್ಯಾಕ್ ತೆರೆಯಿತು. ಶೋಲವರಂ ಮುಗಿಯಿತು. ಹೋಗಿದ್ದೇ ಒಳ್ಳೆಯದಾಯಿತು ಎನ್ನುವವನು ನಾನು. ಹುಲ್ಲಿನ ಪಿಂಡಿಯನ್ನು ನಂಬಿ ಎಷ್ಟು ದಿನ ಓಡಿಸಲಾದೀತು? ನಮ್ಮ ಗುಂಪು ಮಾತ್ರ ಹೊಸ ಟ್ರ್ಯಾಕಿಗೆ ಒಟ್ಟಾಗಿ ಹೋಗಲೇ ಇಲ್ಲ. 1996ರಲ್ಲಿ ಮೈಸೂರಿನ ಕಾರ್ಖಾನೆಯೂ ಬಾಗಿಲು ಹಾಕಿತು.

2024ರಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ, ನಡುಬೀದಿಯಲ್ಲೇ, ದೀಪ ಹಾಕಿ ರಾತ್ರಿ ರೇಸು ನಡೆಸಿದರು. ಜಾವಾ ಗೆಳೆಯ ಫೋನ್ ಮಾಡಿದ.

“ಹೋಗೋಣವೇನೋ? ಟಿಕೆಟ್ ನಾನು ಕೊಡಿಸ್ತೀನಿ.”

“ಪಿಟ್ ಹತ್ರ ಬಿಡ್ತಾರಾ?”

“ನಿನ್ನನ್ನ ಯಾರೋ ಬಿಡ್ತಾರೆ? ಟೀವೀಲೇ ನೋಡು ಹಾಗಾದ್ರೆ.”