ಮೇಷ್ಟ್ರಿಗೆ ‘ಆರ್’, ಅವ್ವನಿಗೆ ‘ಈಸ್’

ಹನೂರಿನ ನಮ್ಮ ಬೀದಿಯ ಹುಡುಗಿ, ನಾಲ್ಕನೆಯ ಕ್ಲಾಸಿನವಳು, ಮೊನ್ನೆ ಇಂಗ್ಲಿಷ್ ನೋಟ್‌ಬುಕ್ ಹಿಡಿದು ಬಂದಿದ್ದಳು. ‘ಟೀಚರ್ ಆರ್ ಕಮ್’, ಅದರ ಕೆಳಗೇ ‘ಮೈ ಮದರ್ ಈಸ್ ಕಮ್’. ಎರಡರ ಮೇಲೂ ಕೆಂಪು ಗೀಟು. ಟೀಚರ್ ಒಬ್ಬರೇ ತಾನೇ, ‘ಆರ್’ ಯಾಕೆ ಹಾಕಿದೆ ಅಂದೆ. ‘ಮೇಷ್ಟ್ರಲ್ವಾ ಮಾವ, ಈಸ್ ಅಂದ್ರೆ ಏಕವಚನ ಆಗೋಯ್ತದೆ’ ಅಂದಳು.

ಆ ಎರಡು ಸಾಲನ್ನು ಮತ್ತೆ ಮತ್ತೆ ಓದಿದೆ. ಮೇಷ್ಟ್ರು ಬಂದವ್ರೆ, ಅವ್ವ ಬಂದವ್ಳೆ. ‘ಬಂದು’ ಜೊತೆಗೆ ‘ಅವ್ರೆ’, ಅಂದರೆ ಇದ್ದಾರೆ; ‘ಬಂದು’ ಜೊತೆಗೆ ‘ಅವ್ಳೆ’. ಕೂದಲೂ ಕೊಂಕದ ಹಾಗೆ ಮಗು ಅದನ್ನು ಆಚೆ ದಡಕ್ಕೆ ದಾಟಿಸಿತ್ತು. ಮೇಷ್ಟ್ರಿಗೆ ಮರ್ಯಾದೆಯ ಬಹುವಚನ, ಅವ್ವನಿಗೆ ಸಲುಗೆಯ ಏಕವಚನ. ತಪ್ಪು ನಿಜ, ತಿದ್ದಲೇಬೇಕು. ಆದರೆ ಇದು ಒಂದು ವ್ಯಾಕರಣವನ್ನು ಪೂರ್ತಿ ಬಲ್ಲವಳ ತಪ್ಪು.

ನಮ್ಮ ಹನೂರೂ ಸೇರಿದ ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ಸರ್ಕಾರ ಎರಡಾದರೂ ಮನೆಮಾತು ಒಂದೇ. ಇಂಗ್ಲಿಷಿನ ತಪ್ಪುಗಳೂ ಆ ಮನೆಯವೇ. ‘ಅವನೇ ಹೇಳಿದ್ದು’ ಅನ್ನುವ ಏಕಾರ ‘ಹೀ ಓನ್ಲಿ ಟೋಲ್ಡ್’ ಆಗುತ್ತದೆ. ಮಕ್ಕಳು ನಮಗೆ ಇರುತ್ತಾರೆ, ಜ್ವರ ನಮಗೆ ಬರುತ್ತದೆ. ಇವಕ್ಕೆ ಇಂಗ್ಲಿಷ್ ಕೇಳುವ ‘ಹ್ಯಾವ್’ ಅನ್ನು ಎಲ್ಲಿಂದ ತರುವುದು?

ಬಹುವಚನದ ಮರ್ಯಾದೆ ಇಂಗ್ಲಿಷಿಗೂ ಗೊತ್ತಿತ್ತು. ಒಬ್ಬನಿಗೆ ‘ದೌ’, ಹಲವರಿಗೆ ‘ಯೂ’ ಇದ್ದ ಕಾಲದಲ್ಲಿ ದೊಡ್ಡವರನ್ನು ಬಹುವಚನದಲ್ಲಿ ಕರೆದು ಕರೆದು ಕೊನೆಗೆ ಎಲ್ಲರಿಗೂ ‘ಯೂ’ ಉಳಿಯಿತು. ಎದುರಿಗೆ ಒಬ್ಬರೇ ಇದ್ದರೂ ‘ಯೂ ಆರ್’ ಅನ್ನುವುದು ಅದಕ್ಕೇ. ಇನ್ನು ‘ಈಸ್ ಕಮ್’ ಷೇಕ್ಸ್‌ಪಿಯರನ ಕಾಲದಲ್ಲಿ ಸರಿಯಾದ ಇಂಗ್ಲಿಷೇ.

ಕಾಲೇಜಿನಲ್ಲಿ ನನ್ನ ಜೊತೆ ಓದುತ್ತಿದ್ದ ಗೆಳೆಯನೊಬ್ಬ ‘ಮೈ ಫಾದರ್ ಆರ್ ಫಾರ್ಮರ್’ ಅಂದಾಗ ಕ್ಲಾಸಿಗೆ ಕ್ಲಾಸೇ ನಕ್ಕಿತು. ಆಮೇಲೆ ಮೂರು ವರ್ಷ ಅವನು ಇಂಗ್ಲಿಷಿನಲ್ಲಿ ಬಾಯಿ ಬಿಡಲಿಲ್ಲ. ಅಪ್ಪನನ್ನು ‘ಅವನು’ ಅನ್ನಲು ನಾಲಿಗೆ ಏಳದೆ ಆಡಿದ ಮಾತು ಅದು ಎಂದು ಅವತ್ತು ಯಾರಾದರೂ ಹೇಳಿದ್ದರೆ! ನಾನೂ ಹೇಳಲಿಲ್ಲ.

ಹುಡುಗಿಗೆ ‘ಹ್ಯಾಸ್ ಕಮ್’ ಹೇಳಿಕೊಟ್ಟೆ. ಅವ್ವನ ಸಾಲನ್ನು ಬೇಗ ತಿದ್ದಿದಳು. ಮೇಷ್ಟ್ರ ಸಾಲಿಗೆ ಬಂದು, ರಬ್ಬರನ್ನು ‘ಆರ್’ ಮೇಲೆ ಇಟ್ಟು ತಡೆದಳು.

‘ಇಬ್ಬರಿಗೂ ಒಂದೇನಾ ಮಾವ?’