ಆಗುಂಬೆಯ ಏಳನೆಯ ತಿರುವಿನಲ್ಲಿ

ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿಲೋಮೀಟರ್. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ ಎಂದು ಊರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತ ಹೋದರೆ ಸೀತಾನದಿಯ ತಂಪು ಎದುರಾಗುತ್ತದೆ. ಸೋಮೇಶ್ವರ ದಾಟಿದ ಮೇಲೆ ರಸ್ತೆಯ ಸ್ವಭಾವವೇ ಬೇರೆ. ಸಿಂಗಳೀಕಗಳಿಗೆ ಹೆಸರಾದ ದಟ್ಟ ಕಾಡಿನ ನಡುವೆ ಅದು 14 ಕಡಿದಾದ ತಿರುವುಗಳಲ್ಲಿ ಮೈ ಮುರಿಯುತ್ತ, ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಆಗುಂಬೆಯನ್ನು ಮುಟ್ಟುತ್ತದೆ.

ಕಳೆದ ಏಪ್ರಿಲಿನಲ್ಲಿ ನಾವು ಮೂವರು ಈ ದಾರಿಯಲ್ಲಿ ಹೊರಟಿದ್ದೆವು. ಮಗ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದ್ದ. ಹೆಂಡತಿಯ ತವರು ತೀರ್ಥಹಳ್ಳಿ. ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ, ರಾತ್ರಿಯೂಟಕ್ಕೆ ಅಜ್ಜಿಮನೆ ಸೇರುವುದೆಂದು ಲೆಕ್ಕ. ನಮ್ಮ ಕಾರಿಗೆ ಹದಿನಾಲ್ಕು ವರ್ಷ. ತಿರುವಿಗೊಂದು ವರ್ಷ ಎಂದು ಮಗ ತಮಾಷೆ ಮಾಡಿದ್ದ.

ಹೆಬ್ರಿಯವರೆಗೆ ಎಲ್ಲ ಸರಿಯಾಗಿತ್ತು. ಘಾಟಿಯಲ್ಲಿ ಭಾರ ಹೊತ್ತ ಟೆಂಪೊ ಒಂದರ ಹಿಂದೆ ಮೊದಲನೆಯ, ಎರಡನೆಯ ಗೇರಿನಲ್ಲೇ ತೆವಳಬೇಕಾಯಿತು. ಐದನೆಯ ತಿರುವಿನ ಹೊತ್ತಿಗೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧ ದಾಟಿತ್ತು. ಏಳನೆಯದರಲ್ಲಿ ಕೆಂಪು ಗೆರೆಗೆ ತಾಗಿತು. ಬಾನೆಟ್ಟಿನ ಸಂದಿಯಿಂದ ಹಬೆ, ಅದರೊಂದಿಗೆ ಸಿಹಿಯಾದ ಒಂದು ಘಾಟು. ತಿರುವು ದಾಟಿ ರಸ್ತೆ ಸ್ವಲ್ಪ ಅಗಲವಾದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಗಳ ಹಿಂದೆ ಕಲ್ಲು ಇಟ್ಟೆ.

ಅಷ್ಟರಲ್ಲಿ ಮಗ ಬಾನೆಟ್ ಎತ್ತಿ, ನೀರಿನ ಬಾಟಲಿ ಹಿಡಿದು, ರೇಡಿಯೇಟರಿನ ಮುಚ್ಚಳದ ಮೇಲೆ ಕೈ ಇಟ್ಟಿದ್ದ. "ಕೈ ತೆಗಿ! ವಿಷಲ್ ಇಳಿಯೋ ಮುಂಚೆ ಕುಕ್ಕರ್ ಮುಚ್ಚಳ ತೆಗೀತಾರೇನೋ?" ಎಂದು ನನ್ನವಳು ಕೂಗಿದ್ದು ಕಾಡಿಗೆಲ್ಲ ಕೇಳಿಸಿರಬೇಕು. ಮಗ ಬೆಚ್ಚಿ ಹಿಂದೆ ಸರಿದ. ಆ ಕ್ಷಣವನ್ನು ನೆನೆದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಅವಳು ಹೇಳಿದ್ದು ಅಕ್ಷರಶಃ ನಿಜ. ರೇಡಿಯೇಟರಿನ ಮುಚ್ಚಳ ಮಾಡುವುದು ಕುಕ್ಕರಿನ ಕೆಲಸವನ್ನೇ. ಒತ್ತಡವನ್ನು ಒಳಗೆ ಹಿಡಿದಿಟ್ಟು, 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ನೀರು ಕುದಿಯದಂತೆ ತಡೆಯುತ್ತದೆ. ಮುಚ್ಚಳ ಸಡಿಲಿಸಿದೊಡನೆ ಒತ್ತಡ ಇಳಿದು, ನೀರು ಒಮ್ಮೆಲೇ ಕುದಿದು, ಹಬೆಯೊಂದಿಗೆ ಮುಖಕ್ಕೆ ಚಿಮ್ಮುತ್ತದೆ. ಮಗ ಭೌತಶಾಸ್ತ್ರದಲ್ಲಿ ಒತ್ತಡ ಮತ್ತು ಕುದಿಬಿಂದುವಿನ ಸಂಬಂಧವನ್ನು ಚೆನ್ನಾಗಿಯೇ ಓದಿದ್ದ. ಆದರೆ ಅದು ಬಾನೆಟ್ಟಿನ ಅಡಿಯಲ್ಲೂ ಇರುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಮೇಲಿನಿಂದ ಇಳಿದು ಬಂದ ಜೀಪೊಂದು ನಿಂತಿತು. "ಎಂತ ಆಯ್ತು ಮಾರಾಯ್ರೆ?" ಎನ್ನುತ್ತ ಚಾಲಕರು ಇಳಿದರು. ಐವತ್ತು ದಾಟಿದವರು, ದಿನವೂ ಈ ಘಾಟಿ ಹತ್ತಿ ಇಳಿಯುವವರು. ಅವರು ಎಂಜಿನ್ನನ್ನು ಮುಟ್ಟಲಿಲ್ಲ, ಪ್ರಶ್ನೆ ಕೇಳತೊಡಗಿದರು. ಮುಳ್ಳು ಏರಿದ್ದು ಎಲ್ಲಿಂದ? ಹೆಬ್ರಿ ತನಕ ಸರಿ ಇತ್ತಾ? ಕಾರಿನಡಿ ನೀರು ಸೋರಿದ ಗುರುತು ಉಂಟಾ?

"ಜ್ವರ ಉಂಟು ಅಂದ್ರೆ ಡಾಕ್ಟ್ರಿಗೆ ಸಾಕಾ ತಮ್ಮ? ಯಾವಾಗ ಬರ್ತದೆ ಅಂತ ಹೇಳ್ಬೇಕಲ್ಲ?" ಎಂದು ಮಗನ ಕಡೆ ತಿರುಗಿದರು.

ಎಂಜಿನ್ ತಣಿಯಲು ಮುಕ್ಕಾಲು ಗಂಟೆ ಬೇಕಾಯಿತು. ಆ ಹೊತ್ತಿನಲ್ಲಿ ಮೋರಿಯ ಕಟ್ಟೆಯ ಮೇಲೆ ಕುಳಿತು ಅವರು ಹೇಳಿದ್ದರ ಸಾರ ಇಷ್ಟು. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಗಾಡಿ ಎಳೆಯಲು ಸಿಗುವುದು ಒಂದು ಪಾಲು ಮಾತ್ರ. ಉಳಿದದ್ದರಲ್ಲಿ ಬಹುಭಾಗ ಹೊಗೆಯೊಡನೆಯೂ ರೇಡಿಯೇಟರಿನ ಮೂಲಕವೂ ಹೊರಗೆ ಹೋಗಬೇಕು. ಪಂಪು ನೀರನ್ನು ತಿರುಗಿಸುತ್ತದೆ, ಥರ್ಮೋಸ್ಟಾಟ್ ಎಂಬ ಬಾಗಿಲು ಬಿಸಿಯಾದಾಗ ತೆರೆದು ಅದನ್ನು ರೇಡಿಯೇಟರಿಗೆ ಬಿಡುತ್ತದೆ, ಗಾಳಿ ಅದನ್ನು ತಣಿಸುತ್ತದೆ. ಈ ಸರಪಣಿಯಲ್ಲಿ ಯಾವ ಕೊಂಡಿ ಕಳಚಿದರೂ ಮುಳ್ಳು ಏರುತ್ತದೆ. ಏರಿದ ಸಮಯವೇ ಕೊಂಡಿ ಯಾವುದೆಂದು ಹೇಳುತ್ತದೆ.

ಹೊರಟ ಕೆಲವೇ ನಿಮಿಷಗಳಲ್ಲಿ ಏರಿದರೆ ಮೊದಲು ನೀರಿನ ಮಟ್ಟ ನೋಡಬೇಕು. ಅದು ಸರಿಯಿದ್ದರೆ ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿರಬಹುದು. ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ಏರಿದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಪಂಪು ಸೋತಿರಬಹುದು. ಹೊರಗೆ ಸೋರಿಕೆಯಿಲ್ಲದೆ ನೀರು ಮತ್ತೆ ಮತ್ತೆ ಕಡಿಮೆಯಾಗಿ, ಹೊಗೆ ಬೆಳ್ಳಗೆ ಬರುತ್ತ, ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ. ಆಗ ಗಾಡಿ ಓಡಿಸಲೇಬಾರದು. ಏರಿದ ಮುಳ್ಳು ಕಾರಣವಿಲ್ಲದೆ ದಿಢೀರನೆ ಇಳಿದರೂ ಸಂತೋಷಪಡಬಾರದು. ಬಿಸಿ ಅಳೆಯುವ ಸಾಧನಕ್ಕೆ ತಾಗುವಷ್ಟು ನೀರೂ ಒಳಗೆ ಉಳಿದಿಲ್ಲವೆಂದು ಅದರ ಅರ್ಥವಾಗಿರಬಹುದು.

"ಬಯಲಲ್ಲಿ ಸರಿ, ನಿಧಾನ ಹೋಗುವಾಗ ಮಾತ್ರ ಬಿಸಿ. ಈಗ ನೀನೇ ಹೇಳು" ಎಂದರು. ಮಗ ಸ್ವಲ್ಪ ಯೋಚಿಸಿ, "ಓಡುವಾಗ ಗಾಳಿ ತಾನಾಗಿ ಸಿಗ್ತದೆ. ಇಲ್ಲಿ ಫ್ಯಾನ್ ಕೊಡ್ಬೇಕು. ಫ್ಯಾನ್ ತಿರುಗ್ತಾ ಇಲ್ವಾ?" ಎಂದ.

ಆಗ ನನ್ನವಳು ಮೆಲ್ಲನೆ ಅಂದಳು: "ಮಣಿಪಾಲದಲ್ಲಿ ಗಾಡಿಗಳ ಮಧ್ಯೆ ನಿಂತಾಗ ಎ.ಸಿ. ಬಿಸಿಗಾಳಿ ಬಿಡ್ತಿದೆ ಅಂದಿದ್ದೆ. ನೀವು ಕಿವಿಗೇ ಹಾಕ್ಕೊಳ್ಳಲಿಲ್ಲ." ಜೀಪಿನವರು ನಕ್ಕುಬಿಟ್ಟರು. ಎ.ಸಿ.ಯ ಬಿಸಿಯನ್ನು ಹೊರಹಾಕುವ ಜಾಲರಿ ಇರುವುದು ರೇಡಿಯೇಟರಿನ ಮುಂದೆಯೇ. ಎರಡಕ್ಕೂ ಅದೇ ಫ್ಯಾನಿನ ಗಾಳಿ. ಘಾಟಿಗೆ ಮೊದಲೇ ಸೂಚನೆ ಬಂದಿತ್ತು, ಓದಿದ್ದು ಅವಳೊಬ್ಬಳೇ.

ಎಂಜಿನ್ ಪೂರ್ತಿ ತಣಿದ ಮೇಲೆ, ಬಟ್ಟೆ ಸುತ್ತಿ, ಮುಖ ದೂರ ಹಿಡಿದು ಮುಚ್ಚಳ ತೆಗೆದು ನೀರು ತುಂಬಿಸಿದರು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದಂತೆ. ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿಸಿದರು, ಫ್ಯಾನ್ ಅಲ್ಲಾಡಲಿಲ್ಲ. ಎಂಜಿನ್ ಆರಿಸಿ ಫ್ಯೂಸ್ ನೋಡಿದರು, ಸರಿಯಾಗಿತ್ತು. ಪಕ್ಕದಲ್ಲಿದ್ದ ಮಂಜುದೀಪದ ರಿಲೇ ಅದೇ ಜಾತಿಯದೆಂದು ಖಚಿತಪಡಿಸಿಕೊಂಡು, ಅದನ್ನು ಕಿತ್ತು ಫ್ಯಾನಿನ ಜಾಗಕ್ಕೆ ಹಾಕಿ ಮತ್ತೆ ಚಾಲೂ ಮಾಡಿಸಿದರು. ಗುರ್ ಎಂದು ಫ್ಯಾನ್ ತಿರುಗಿತು. ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ವಸ್ತು ಇಡೀ ಎಂಜಿನ್ನನ್ನು ಬಲಿ ತೆಗೆದುಕೊಳ್ಳುವುದರಲ್ಲಿತ್ತು.

ದುಡ್ಡು ಕೊಡಹೋದರೆ ಅವರು ತೆಗೆದುಕೊಳ್ಳಲಿಲ್ಲ. "ಎ.ಸಿ. ಬಂದ್ ಮಾಡಿ ಹೋಗಿ. ಮತ್ತೆ ಮುಳ್ಳು ಏರಿದ್ರೆ ಹೀಟರ್ ಪೂರ್ತಿ ಹಾಕಿ, ಎಂಜಿನ್ ಬಿಸಿ ಸ್ವಲ್ಪ ಒಳಗೆ ಬರ್ತದೆ. ಜಾಗ ಸಿಕ್ಕಿದ ಕೂಡ್ಲೇ ನಿಲ್ಸಿ" ಎಂದು ಹೇಳಿ ಸೋಮೇಶ್ವರದ ಕಡೆ ಇಳಿದು ಹೋದರು.

ಉಳಿದ ತಿರುವುಗಳನ್ನು ಕಿಟಕಿ ತೆರೆದು ಹತ್ತಿದೆವು. ಮಗನ ಕಣ್ಣು ಕಾಡಿನ ಮೇಲಿರಲಿಲ್ಲ, ಮುಳ್ಳಿನ ಮೇಲಿತ್ತು. ಅದು ಅರ್ಧದಿಂದ ಕದಲಲಿಲ್ಲ. ಸೂರ್ಯಾಸ್ತದ ಕಟ್ಟೆ ತಲುಪಿದಾಗ ಸೂರ್ಯ ಮುಳುಗಿಯಾಗಿತ್ತು. ಪಡುವಣದಲ್ಲಿ ಒಂದಿಷ್ಟು ಕೆಂಪು ಮಾತ್ರ ಉಳಿದಿತ್ತು. ಯಾರಿಗೂ ಬೇಸರವಾಗಲಿಲ್ಲ.

ಈ ರಜೆಯಲ್ಲಿ ಘಾಟಿ ಹತ್ತುವವರು ಹೊರಡುವ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಮಕ್ಕಳನ್ನು ಕರೆದು ಬಾನೆಟ್ ತೆರೆಯಿರಿ. ಕೂಲೆಂಟಿನ ಮಟ್ಟ ನೋಡಲಿ, ಪೈಪುಗಳಲ್ಲಿ ಬಿರುಕಿದೆಯೇ ಹುಡುಕಲಿ. ಆಮೇಲೆ ನೀವು ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ, ಅವರು ಕೈ ದೂರವಿಟ್ಟು ಫ್ಯಾನ್ ತಿರುಗುತ್ತದೆಯೇ ನೋಡಲಿ. ಹತ್ತು ನಿಮಿಷದ ಕೆಲಸ. ದಾರಿಯಲ್ಲಿ ಮನೆಯವರು ಎ.ಸಿ. ಬಿಸಿಯಾಗಿದೆ ಎಂದರೆ, ದಯವಿಟ್ಟು ಕಿವಿಗೆ ಹಾಕಿಕೊಳ್ಳಿ.