ಪಂದ್ಯದ ನೆಪ, ಕಾಲೇಜಿನ ಊರು

ಅಮೆರಿಕದ ಮಿಚಿಗನ್ ರಾಜ್ಯದಲ್ಲಿ ಆನ್ ಆರ್ಬರ್ ಎಂಬ ಊರಿದೆ. ಜನಸಂಖ್ಯೆ ಸುಮಾರು ಒಂದೂಕಾಲು ಲಕ್ಷ. ಅಲ್ಲಿನ ವಿಶ್ವವಿದ್ಯಾಲಯದ ಕ್ರೀಡಾಂಗಣ 1927ರಲ್ಲಿ ಆರಂಭವಾಯಿತು. ಈಗ ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂತು ಆಟ ನೋಡಬಹುದು. ಚಳಿಗಾಲಕ್ಕೆ ಮುಂಚಿನ ಶನಿವಾರಗಳಲ್ಲಿ ದೂರದೂರದ ಊರುಗಳಿಂದ ಕುಟುಂಬಗಳು ಕಾರು ಕಟ್ಟಿಕೊಂಡು ಬರುತ್ತವೆ. ಅಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಆಟ. ಅದು ಹೇಗೇ ಇರಲಿ, ಆಟದ ನೆಪದಲ್ಲಿ ತಂದೆತಾಯಿಯರು ಕಾಲೇಜಿನ ಊರನ್ನು ಸುತ್ತಿ ನೋಡುತ್ತಾರೆ. ಮಕ್ಕಳು ಮುಂದೆ ತಾವು ಓದಬಹುದಾದ ಜಾಗವನ್ನು ಕಣ್ಣಾರೆ ಕಾಣುತ್ತಾರೆ. ಈ ಪದ್ಧತಿಯಲ್ಲಿ ನಮ್ಮವರೂ ಕಲಿಯಬಹುದಾದ ಒಂದು ಸಂಗತಿ ಇದೆ.

ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರವನ್ನೇ ತೆಗೆದುಕೊಳ್ಳಬಹುದು. ಕಾವೇರಿ ದಂಡೆಯ ಈ ಊರು ರಾಮೇಶ್ವರ ಮತ್ತು ಸುಬ್ರಹ್ಮಣ್ಯ ದೇಗುಲಗಳಿಗೆ, ವಹ್ನಿ ಪುಷ್ಕರಿಣಿಯ ದೊಡ್ಡ ಮೀನುಗಳಿಗೆ ಹೆಸರಾದದ್ದು. ರೈತರಿಗೆ ಇದು ತಂಬಾಕು ಹರಾಜು ಮಾರುಕಟ್ಟೆಯ ಊರೂ ಹೌದು. ಹರಾಜು ಮುಗಿದು ಕೈಗೆ ಬಂದ ಹಣದಲ್ಲಿ ಸಾಲ, ಗೊಬ್ಬರದ ಬಾಕಿ ಕಳೆದು ಉಳಿದದ್ದೇ ಅನೇಕ ಮನೆಗಳಲ್ಲಿ ಮಗ ಅಥವಾ ಮಗಳ ಕಾಲೇಜಿನ ಶುಲ್ಕ. ಹೀಗಿರುವಾಗ ಊರನ್ನು ನೋಡದೆಯೇ ಕಾಲೇಜು ಆರಿಸಿ, ಮೊದಲ ಸೆಮಿಸ್ಟರ್ ಮುಗಿಯುವ ಮುನ್ನವೇ ಹಾಸಿಗೆ ಸುತ್ತಿಕೊಂಡು ಹಿಂತಿರುಗಿದರೆ ಆಗುವ ನಷ್ಟ ಸಣ್ಣದಲ್ಲ. ಒಂದು ಬೆಳೆಯ ದುಡಿಮೆ ಹೋಯಿತು, ಮಗುವಿನ ಒಂದು ವರ್ಷವೂ ಹೋಯಿತು.

ಸಾಮಾನ್ಯವಾಗಿ ಆಗುವುದೇನು? ಪ್ರವೇಶದ ದಿನ ತಂದೆ ಮಗ ಬಸ್ಸಿಳಿದು ಕಾಲೇಜಿನ ಕಚೇರಿಗೆ ಹೋಗುತ್ತಾರೆ. ಅರ್ಜಿ, ಚಲನ್, ಅಂಕಪಟ್ಟಿಗಳ ಗಡಿಬಿಡಿಯಲ್ಲಿ ಊರು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ ಬದಲು ಪಿ.ಯು.ಸಿ. ಓದುವಾಗಲೇ ಒಂದು ಪಂದ್ಯ ನೋಡುವ ನೆಪದಲ್ಲಿ ಹೊರಟರೆ ಮನಸ್ಸಿಗೆ ಬಿಡುವಿರುತ್ತದೆ, ಮಕ್ಕಳಿಗೂ ಉತ್ಸಾಹವಿರುತ್ತದೆ. ಹಾಗಾದರೆ ಯಾವ ಊರಿಗೆ ಹೋಗಬೇಕು?

ಹತ್ತಿರದ ಹಾಸನ

ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಮರಳಬಹುದಾದ ಊರು ಹಾಸನ. ಅರಕಲಗೂಡಿನ ಮೇಲೆ ಹೋದರೆ ಬಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆ. 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, 2006ರಲ್ಲಿ ಬಂದ ಸರ್ಕಾರಿ ವೈದ್ಯಕೀಯ ಕಾಲೇಜು, ಕಾರೇಕೆರೆಯ ಕೃಷಿ ಕಾಲೇಜು, ಸರ್ಕಾರಿ ವಿಜ್ಞಾನ ಕಾಲೇಜು, ಹೇಮಗಂಗೋತ್ರಿ ಇವೆಲ್ಲ ಇಲ್ಲಿವೆ. ಜಿಲ್ಲಾ ಕ್ರೀಡಾಂಗಣದಲ್ಲಿ ಶಾಲಾ ಕಾಲೇಜುಗಳ ಕ್ರೀಡಾಕೂಟಗಳು ನಡೆಯುತ್ತಿರುತ್ತವೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಹವೆ ಹಿತಕರ.

ಹಾಸನದ ದೊಡ್ಡ ಅನುಕೂಲವೆಂದರೆ ಶನಿವಾರ ಸಂಜೆ ಹೊರಟ ಹುಡುಗ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾನೆ. ಅನಾನುಕೂಲವೂ ಅದೇ ಎಂದು ಕೆಲವರು ಹೇಳುವುದುಂಟು: ಮನೆ ಹತ್ತಿರವಿದ್ದರೆ ಊರ ಜಾತ್ರೆ, ನೆಂಟರ ಮದುವೆ ಎಲ್ಲಕ್ಕೂ ತರಗತಿ ತಪ್ಪುತ್ತದೆ. ದಿನವೂ ಬಸ್ಸಿನಲ್ಲಿ ಓಡಾಡಿ ಓದುತ್ತೇನೆ ಎನ್ನುವವರು ಹೋಗಿಬರುವುದಕ್ಕೇ ಮೂರು ಗಂಟೆ ಬೇಕೆಂಬ ಲೆಕ್ಕವನ್ನು ಮರೆಯಬಾರದು. ಸಂಜೆ ಮೈದಾನದಲ್ಲಿ ಆಡುವ ಹೊತ್ತು ಮೊದಲು ಕಡಿತವಾಗುವುದು ಅಲ್ಲೇ.

ಆಟವೇ ಮುಖ್ಯವಾದರೆ ಕೊಡಗು

ಬರಿಯ ಫುಟ್‌ಬಾಲ್ ನೋಡಬೇಕೆಂದರೆ ರಾಮನಾಥಪುರದವರು ಕಾವೇರಿಗೆ ಎದುರಾಗಿ ನಡೆಯಬೇಕು. ಕೊಣನೂರು, ಕುಶಾಲನಗರ ದಾಟಿ ಮಡಿಕೇರಿ ರಸ್ತೆಯಲ್ಲಿ ಸಿಗುವ ಸುಂಟಿಕೊಪ್ಪದಲ್ಲಿ ಬೇಸಿಗೆಯಲ್ಲಿ ಗೋಲ್ಡ್ ಕಪ್ ಫುಟ್‌ಬಾಲ್ ಪಂದ್ಯಾವಳಿ ನಡೆಸಿಕೊಂಡು ಬಂದಿದ್ದಾರೆ. ಸಣ್ಣ ಪೇಟೆ, ಶಾಲೆಯ ಮೈದಾನ, ಸುತ್ತ ಕಾಫಿ ತೋಟ. ಆಟದ ಬಗ್ಗೆ ಅಲ್ಲಿನ ಜನಕ್ಕಿರುವ ಅಕ್ಕರೆ ದೊಡ್ಡ ನಗರಗಳಲ್ಲೂ ಅಪರೂಪ.

ಅದೇ ಕಾಲಕ್ಕೆ ಕೊಡವ ಕುಟುಂಬಗಳ ಹಾಕಿ ಹಬ್ಬವೂ ಬರುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ 60 ಕುಟುಂಬಗಳಿಂದ ಆರಂಭವಾದ ಈ ಪಂದ್ಯಾವಳಿ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ ತಂಡಗಳ ಸಂಖ್ಯೆ 360ಕ್ಕೆ ಮುಟ್ಟಿತ್ತು. ಅಜ್ಜನೂ ಮೊಮ್ಮಗನೂ, ತಾಯಿಯೂ ಮಗಳೂ ಒಂದೇ ತಂಡದಲ್ಲಿ ಆಡುವುದನ್ನು ಇಲ್ಲಿ ನೋಡಬಹುದು. ಹೆಣ್ಣುಮಕ್ಕಳಿಗೆ ಆಟವೇಕೆ ಎನ್ನುವ ಮನೆಯವರು ಒಮ್ಮೆ ನೋಡಿ ಬರುವುದು ಒಳ್ಳೆಯದು.

ಕಾಲೇಜಿನ ದೃಷ್ಟಿಯಿಂದ ನೋಡಿದರೆ ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಮಡಿಕೇರಿಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿದೆ. ಗಿಡಮರಗಳಲ್ಲಿ ಆಸಕ್ತಿಯಿರುವ ವಿಜ್ಞಾನ ವಿದ್ಯಾರ್ಥಿಗಳಿಗೆ ಪೊನ್ನಂಪೇಟೆಯ ಅರಣ್ಯ ಕಾಲೇಜು ಉಂಟು. ಆದರೆ ಬೇಸಿಗೆಯ ಕೊಡಗನ್ನು ನೋಡಿ ಮರುಳಾಗಬಾರದು. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟಕ್ಕೆ ತಡೆದು ಮೇಲೇರಿ ತಣ್ಣಗಾಗುತ್ತದೆ. ಆದ್ದರಿಂದ ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟದ ಮರೆಯಲ್ಲಿರುವ ಮೈಸೂರಿಗೆ ಅದರ ಮೂರನೇ ಒಂದು ಪಾಲೂ ಬೀಳುವುದಿಲ್ಲ. ಕಾಲೇಜು ತೆರೆದ ಮೊದಲ ಎರಡು ತಿಂಗಳು ಬಟ್ಟೆ ಒಣಗದ ಕೋಣೆಯಲ್ಲಿ ಇರಬಲ್ಲೆನೇ ಎಂದು ವಿದ್ಯಾರ್ಥಿ ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಘಟ್ಟದ ಕೆಳಗೆ

ಎರಡು ದಿನ ಬಿಡುವಿದ್ದರೆ ಮಂಗಳೂರು. ಹಾಸನ, ಸಕಲೇಶಪುರ, ಶಿರಾಡಿ ಘಟ್ಟದ ಹಾದಿ. ಹಾಸನದಿಂದ ಸುಬ್ರಹ್ಮಣ್ಯ ರೋಡ್ ಮೂಲಕ ರೈಲೂ ಉಂಟು. ನೆಹರೂ ಮೈದಾನದಲ್ಲಿ ಶಾಲಾ ಮಕ್ಕಳಿಂದ ಹಿಡಿದು ಕ್ಲಬ್ಬುಗಳವರೆಗೆ ಫುಟ್‌ಬಾಲ್ ಆಡುತ್ತಾರೆ. 1880ರ ಸಂತ ಅಲೋಶಿಯಸ್, 1960ರಲ್ಲಿ ಸ್ಥಾಪನೆಯಾದ ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ, ಕೊಣಾಜೆಯ ವಿಶ್ವವಿದ್ಯಾಲಯ, ಸ್ವಲ್ಪ ದೂರದಲ್ಲಿ ಕ್ರೀಡೆಗೆ ಹೆಸರಾದ ಮೂಡುಬಿದಿರೆ: ಆಯ್ಕೆಗೆ ಕೊರತೆಯಿಲ್ಲ.

ಬಯಲುಸೀಮೆಯಿಂದ ಹೋದ ಹುಡುಗರು ಕರಾವಳಿಯ ಮೈದಾನದಲ್ಲಿ ಬೇಗ ಸುಸ್ತಾಗುವುದಕ್ಕೆ ಕಾರಣವಿದೆ. ಬೆವರು ಆವಿಯಾದಾಗ ಮೈಯ ಶಾಖ ಹೊರಹೋಗುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಕೆಲವು ವಾರಗಳಲ್ಲಿ ದೇಹ ಒಗ್ಗಿಕೊಳ್ಳುತ್ತದೆ. ಕುಚ್ಚಲಕ್ಕಿ ಅನ್ನಕ್ಕೆ ಒಗ್ಗಿಕೊಳ್ಳಲು ಮುದ್ದೆ ಉಂಡು ಬೆಳೆದ ನಾಲಿಗೆಗೆ ಅದಕ್ಕಿಂತ ಹೆಚ್ಚು ಕಾಲ ಬೇಕಾದೀತು. ಇನ್ನು ಜೋರು ಮಳೆಗೆ ಶಿರಾಡಿಯಲ್ಲಿ ಮಣ್ಣು ಕುಸಿದು ಸಂಚಾರ ನಿಂತರೆ ಹಬ್ಬಕ್ಕೆ ಮನೆಗೆ ಬರುವುದು ಕಷ್ಟ.

ಒಂದೇ ಪ್ರವಾಸವಾದರೆ ಮೈಸೂರು

ಹಣವೂ ಬಿಡುವೂ ಒಂದೇ ಪ್ರವಾಸಕ್ಕೆ ಸಾಕಾಗುವಷ್ಟಿದ್ದರೆ ಮೈಸೂರನ್ನು ಆರಿಸುವುದು ಲೇಸು. ಪಿರಿಯಾಪಟ್ಟಣ, ಹುಣಸೂರಿನ ಮೇಲಾಗಲಿ, ಕೃಷ್ಣರಾಜನಗರದ ಮೇಲಾಗಲಿ ಎರಡೂವರೆ ಗಂಟೆಯ ಆಸುಪಾಸು. 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಮಹಾರಾಜ, ಯುವರಾಜ, ಮಹಾರಾಣಿ ಕಾಲೇಜುಗಳು, 1946ರ ಎನ್.ಐ.ಇ., 1963ರ ಜಯಚಾಮರಾಜೇಂದ್ರ ಕಾಲೇಜು ಒಂದೇ ದಿನದಲ್ಲಿ ನೋಡಬಹುದಾದಷ್ಟು ಹತ್ತಿರದಲ್ಲಿವೆ. ಹಾಸನ ಜಿಲ್ಲೆಯ ಜಾವಗಲ್ಲಿನ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿದ ವೇಗದ ಬೌಲರ್ ಶ್ರೀನಾಥ್ ಎಂಜಿನಿಯರಿಂಗ್ ಓದಿದ್ದು ಇದೇ ಜಯಚಾಮರಾಜೇಂದ್ರ ಕಾಲೇಜಿನಲ್ಲಿ. ಓದು, ಆಟ ಒಂದಕ್ಕೊಂದು ಶತ್ರುವಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಕಾಲೇಜಿನ ಊರು ಆಟವನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದು 2010ರ ಜನವರಿಯಲ್ಲಿ ಕಂಡಿತು. ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ, ಮುಂಬೈ ನಡುವೆ ರಣಜಿ ಫೈನಲ್. ಗೆಲ್ಲಲು 338 ಓಟ ಬೇಕಿದ್ದ ಕರ್ನಾಟಕ 331ಕ್ಕೆ ಆಲೌಟಾಗಿ ಆರು ಓಟಗಳಿಂದ ಸೋತಿತು. ಮನೀಷ್ ಪಾಂಡೆಯ 144 ಓಟಗಳನ್ನು ಕಂಡವರು ಇಂದಿಗೂ ಮರೆತಿಲ್ಲ.

ಫುಟ್‌ಬಾಲಿಗೂ ಈ ನಾಡಿನಲ್ಲಿ ಹಳೆಯ ಚರಿತ್ರೆಯಿದೆ. ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿದ್ದ ತಂಡ, ಐದನೆಯ ಸಲ ಗೆಲ್ಲಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಆ ಕಾಯುವಿಕೆ ಮುಗಿಯಿತು. ಇಂಥ ಆಟ ಬೇರೂರಬೇಕಾದರೆ ಕಾಲೇಜು ಮೈದಾನಗಳಲ್ಲಿ ನೋಡುಗರು ಇರಬೇಕು.

ಆದರೆ ದಸರೆಯ ಹೊತ್ತಿನಲ್ಲಿ ಊರು ನೋಡಲು ಹೋಗಬಾರದು. ಚಾಮುಂಡಿ ವಿಹಾರದಲ್ಲಿ ದಸರಾ ಕ್ರೀಡಾಕೂಟವೇನೋ ಇರುತ್ತದೆ. ಆದರೆ ಕೋಣೆಯ ಬಾಡಿಗೆ ಏರಿರುತ್ತದೆ, ಹಾಸ್ಟೆಲುಗಳು ಖಾಲಿಯಾಗಿರುತ್ತವೆ. ಸಿಂಗಾರಗೊಂಡ ಊರು ವಿದ್ಯಾರ್ಥಿ ದಿನವೂ ಬಾಳುವ ಊರಲ್ಲ. ಕಾಲೇಜು ನಡೆಯುವ ಸಾಮಾನ್ಯ ವಾರದಲ್ಲಿ, ಅಂತರ ಕಾಲೇಜು ಪಂದ್ಯವೊಂದು ಇರುವ ದಿನ ವಿಚಾರಿಸಿಕೊಂಡು ಹೋಗಬೇಕು.

ಏನು ನೋಡಬೇಕು?

ಪಂದ್ಯದ ವಿರಾಮದಲ್ಲಿ ಆಟಗಾರರು ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಹುಡುಗಿಯರಿಗೆ ಶೌಚಾಲಯ ಇದೆಯೇ, ಸಂಜೆ ಅವರೂ ಮೈದಾನದಲ್ಲಿ ಆಡುತ್ತಾರೆಯೇ ಎಂದು ನೋಡಬೇಕು. ರಾತ್ರಿಯ ಊಟದ ಹೊತ್ತಿಗೆ ಹಾಸ್ಟೆಲಿನ ಬಳಿ ಹೋಗಿ ಅಲ್ಲಿನ ಮಕ್ಕಳನ್ನೇ ಮಾತನಾಡಿಸಬೇಕು. ಗೋಡೆಯ ಮೇಲಿನ ಊಟದ ಪಟ್ಟಿಗಿಂತ ಅವರ ಮಾತು ನಂಬಲರ್ಹ. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯ ಕಾಲೇಜಿನಿಂದ ಎಷ್ಟು ದೂರ, ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಳ್ಳಬೇಕು. ಒಳ್ಳೆಯ ಆಟಗಾರರಾಗಿದ್ದರೆ ಸಿ.ಇ.ಟಿ.ಯ ಕ್ರೀಡಾ ಕೋಟಾದ ನಿಯಮಗಳನ್ನೂ ತಿಳಿದಿರುವುದು ಒಳಿತು.

ಖರ್ಚಿನ ಮಾತಿಗೆ ಬಂದರೆ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ಮಗಳ ಕಾಲೇಜು ನೋಡಲು ತಂದೆಯೊಬ್ಬರೇ ಹೋಗಿ ಬರುವ ರೂಢಿಯನ್ನು ಈಗಲಾದರೂ ಬಿಡಬಹುದು. ತಾಯಿ, ಮಗಳು ಇಬ್ಬರೂ ಹೊರಡಲಿ. ಹಾಸ್ಟೆಲಿನ ಅಡುಗೆಮನೆ, ಬಚ್ಚಲು, ಬಾಗಿಲಿನ ಚಿಲಕ ತಾಯಿಯ ಕಣ್ಣಿಗೆ ಬೇಗ ಕಾಣುತ್ತವೆ.

ಪಂದ್ಯ ಮುಗಿದ ಮೇಲೆ ಮರಳುವ ಬಸ್ಸಿನಲ್ಲಿ ಮಕ್ಕಳನ್ನು ಕೇಳಬೇಕಾದ ಪ್ರಶ್ನೆ, ಯಾರು ಗೆದ್ದರು ಎಂಬುದಲ್ಲ. ಈ ಊರಿನಲ್ಲಿ ಮೂರು ನಾಲ್ಕು ವರ್ಷ ಇರಬಲ್ಲೆಯಾ ಎಂಬುದು. ಉತ್ತರ ತಕ್ಷಣ ಬರದಿದ್ದರೂ ಚಿಂತೆಯಿಲ್ಲ. ಪ್ರವೇಶದ ಅರ್ಜಿ ತುಂಬುವ ಮೊದಲು ಬಂದರೆ ಸಾಕು.